ಕಂಡಕ್ಟರನ್ನು ಕೂರಿಸಿ ಬರೆದ ಚಿತ್ರ

ಡ್ರಾಯಿಂಗ್ ಟೀಚರುಗಳು ಚಿತ್ರ ಬರೆಯುವುದಿಲ್ಲ, ಬರೆಸುತ್ತಾರೆ. ಈ ಸಂಗತಿ ನನಗೆ ಹೊಳೆದದ್ದು ನಾನು ನಿವೃತ್ತಳಾದ ದಿನ. ಮುಳಬಾಗಿಲಿನ ನಮ್ಮ ಹೈಸ್ಕೂಲಿನಲ್ಲಿ ಹಾರ ಹಾಕಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿಯನ್ನು ಕೈಗಿಟ್ಟ ಮೇಲೆ ಹೆಡ್‌ಮಾಸ್ಟರು ಮೈಕಿನ ಮುಂದೆ ನಿಂತು, ಇನ್ನು ಮೇಡಂ ಮೊದಲಿನ ಹಾಗೆ ಆರಾಮವಾಗಿ ಚಿತ್ರ ಬರೆದುಕೊಂಡಿರಬಹುದು ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಮಾತ್ರ ಹಾರದ ಒಳಗಿನಿಂದ ಯೋಚಿಸುತ್ತಿದ್ದೆ: ಮೊದಲಿನ ಹಾಗೆ ಅಂದರೆ ಯಾವಾಗಿನ ಹಾಗೆ?

ಬರೆದದ್ದೇನೂ ಕಡಿಮೆಯಿಲ್ಲ. ಗಣರಾಜ್ಯೋತ್ಸವಕ್ಕೆ ಸ್ವಾಗತದ ಬೋರ್ಡು, ವಾರ್ಷಿಕೋತ್ಸವಕ್ಕೆ ಹಿಂದಿನ ಪರದೆ, ವಿಜ್ಞಾನದವರಿಗೆ ಹೂವಿನ ಅಡ್ಡಸೀಳು, ಸಮಾಜದವರಿಗೆ ಭೂಪಟ, ಸರ್ಟಿಫಿಕೇಟುಗಳ ಮೇಲೆ ಮಕ್ಕಳ ಹೆಸರು. ಇನ್ನು ಡ್ರಾಯಿಂಗ್ ಪೀರಿಯಡ್ಡು ಊರ ಮುಂದಿನ ಗೋಮಾಳವಿದ್ದ ಹಾಗೆ, ಯಾರು ಬೇಕಾದರೂ ದನ ಮೇಯಿಸಬಹುದು. ಪರೀಕ್ಷೆ ಹತ್ತಿರ ಬಂದರೆ ಗಣಿತದವರು ಬಾಗಿಲಲ್ಲಿ ನಿಂತು ನಗುತ್ತಿದ್ದರು. ನಾನು ಸೀಮೆಸುಣ್ಣ ಒರೆಸಿಕೊಂಡು ಹೊರಗೆ ಬರುತ್ತಿದ್ದೆ. ಒಮ್ಮೆ ಮಕ್ಕಳನ್ನು ಕುರುಡುಮಲೆಗೆ ಕರೆದುಕೊಂಡು ಹೋಗಿ ಆ ಆಳೆತ್ತರ ಮೀರಿದ ಗಣೇಶನ ಎದುರು ಕೂರಿಸಿದ್ದೆ. ಎಲ್ಲರೂ ಬರೆದರು. ನಾನು ಅವರ ಸೊಂಡಿಲುಗಳನ್ನು ತಿದ್ದುತ್ತ ಓಡಾಡಿದೆ. ಗಣೇಶನನ್ನು ನಿಂತು ನೋಡಿದೆನೋ ಇಲ್ಲವೋ ನೆನಪಿಲ್ಲ.

ಇಲ್ಲಿ ನಮ್ಮ ಯಜಮಾನರ ವಿಷಯ ಹೇಳಬೇಕು. ಇವರು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಹೆಚ್ಚಿನ ಸರ್ವೀಸೆಲ್ಲ ಮುಳಬಾಗಿಲು–ಶ್ರೀನಿವಾಸಪುರದ ರೂಟಿನಲ್ಲೇ ಕಳೆಯಿತು. ಆ ದಾರಿಯಲ್ಲಿ ಇವರಿಗೆ ಗೊತ್ತಿಲ್ಲದ ಮುಖವಿಲ್ಲ, ಇವರನ್ನು ಅರಿಯದ ಹೆಂಗಸಿಲ್ಲ, ಗಂಡಸಿಲ್ಲ, ಕೋಳಿಯಿಲ್ಲ. ನನಗಿಂತ ಮೊದಲೇ ನಿವೃತ್ತರಾಗಿ, ಬೈರಕೂರಿನ ಹತ್ತಿರ ತಮ್ಮಂದಿರ ಹಿಪ್ಪುನೇರಳೆ ತೋಟಕ್ಕೆ ಹೋಗಿ ಬರುವುದು, ಬಸ್‌ಸ್ಟ್ಯಾಂಡಿನಲ್ಲಿ ಹಳೆಯ ಗೆಳೆಯರ ಜೊತೆ ಕಾಫಿ ಕುಡಿಯುವುದು, ಇಷ್ಟರಲ್ಲಿ ದಿನ ಕಳೆಯುತ್ತಿದ್ದರು. ನನ್ನನ್ನು ಮದುವೆಯಾದಾಗಿನಿಂದ ಟೀಚರಮ್ಮ ಎಂದೇ ಕರೆಯುವುದು. ಮೊದಲು ಅದು ಗೇಲಿಯಾಗಿತ್ತು. ಆಮೇಲೆ ಹೆಸರೇ ಆಯಿತು.

ನಾನು ನಿವೃತ್ತಳಾದ ಮೇಲೆ ಅಡುಗೆಮನೆಯ ಡಬ್ಬಗಳಿಗೆಲ್ಲ ಬಣ್ಣದ ಚೀಟಿ ಬರೆದು ಅಂಟಿಸಿದೆ. ಬೇಳೆ ಡಬ್ಬದ ಮೇಲೆ ಬಳ್ಳಿ, ರಾಗಿ ಹಿಟ್ಟಿನ ಡಬ್ಬದ ಮೇಲೆ ತೆನೆ. ಅದನ್ನು ನೋಡಿ ಇವರಿಗೆ ಗಾಬರಿಯಾಗಿರಬೇಕು. ಒಂದು ದಿನ ಕೋಲಾರಕ್ಕೆ ಹೋದವರು ಫೋನಿನಲ್ಲಿ ಒಂದು ಪ್ರಕಟಣೆಯ ಫೋಟೋ ತೆಗೆದುಕೊಂಡು ಬಂದರು. "ಸ್ವತಂತ್ರ ವೃತ್ತಿಪರ ಚಿತ್ರಕಲಾವಿದರಾಗಲು ಉನ್ನತ ತರಬೇತಿ. ಶನಿವಾರ, ಭಾನುವಾರ ತರಗತಿ."

ಆ ಒಂದು ಸಾಲಿನ ಒಂದೊಂದು ಪದವೂ ನನ್ನನ್ನು ಹೆದರಿಸಿತು. ಸ್ವತಂತ್ರ ಅಂದರೆ ಸಂಬಳ ಕೊಡುವವರು ಯಾರೂ ಇಲ್ಲ. ವೃತ್ತಿಪರ ಅಂದರೆ ತಪ್ಪಿದರೆ ಅಳಿಸುವ ರಬ್ಬರು ಕೈಯಲ್ಲಿರಬಾರದು. ಕಲಾವಿದೆ ಎಂಬುದಂತೂ ಇನ್ನೂ ಕಷ್ಟ. ನಮ್ಮ ಭಾಷೆಯಲ್ಲಿ ಕಲೆ ಅಂದರೆ ಎರಡು. ಒಂದನ್ನು ಸಾಧಿಸಬೇಕು, ಇನ್ನೊಂದನ್ನು ಸೋಪು ಹಾಕಿ ಉಜ್ಜಬೇಕು. ನನ್ನ ಸೀರೆಗಳ ಸೆರಗಿನಲ್ಲಿ ಎರಡನೆಯದು ಸಾಕಷ್ಟಿತ್ತು, ಅದರಲ್ಲಿ ನನಗೆ ಅನುಭವವೂ ಇತ್ತು. ಮೊದಲನೆಯದನ್ನು ಹೇಳಿಕೊಳ್ಳಲು ಬಾಯಿ ಬರುತ್ತಿರಲಿಲ್ಲ.

"ಇದೆಲ್ಲ ಹುಡುಗ್ರಿಗೆ ರೀ" ಎಂದೆ.

"ವಯಸ್ಸು ಹಾಕಿಲ್ಲ ನೋಡು. ಹಾಕಿಲ್ಲ ಅಂದ್ರೆ ಯಾರ್ ಬೇಕಾದ್ರೂ ಹತ್ಬೋದು ಅಂತ" ಎಂದರು ಇವರು. ಬಸ್ಸಿನಲ್ಲಿ ಹೆಂಗಸರಿಗೆ ಈಗ ಟಿಕೆಟ್ಟೂ ಇಲ್ಲ, ಹೋಗದೆ ಇರುವುದೇ ನಷ್ಟ ಎಂದೂ ಸೇರಿಸಿದರು. ಮೊದಲ ದಿನ ತಾವೇ ಜೊತೆಗೆ ಬಂದು, ಕಿಟಕಿಯ ಪಕ್ಕದ ಸೀಟು ಹಿಡಿದುಕೊಟ್ಟು, ಕೋಲಾರದಲ್ಲಿ ಮೆಟ್ಟಿಲವರೆಗೂ ಬಿಟ್ಟು ಹೋದರು. ಮಗುವನ್ನು ಒಂದನೇ ಕ್ಲಾಸಿಗೆ ಬಿಟ್ಟ ಹಾಗೆ.

ತರಗತಿ ನಡೆಯುತ್ತಿದ್ದದ್ದು ಗೊಬ್ಬರದ ಅಂಗಡಿಯೊಂದರ ಮಹಡಿಯ ಮೇಲೆ. ಟೊಮೊಟೊ ಮಾರ್ಕೆಟ್ಟಿಗೆ ಹೋಗುವ ಲಾರಿಗಳು ಕೆಳಗೆ ಸಾಲುಗಟ್ಟಿದರೆ ಪಾಠ ನಿಲ್ಲುತ್ತಿತ್ತು, ಹಾರನ್ನುಗಳು ಮುಗಿದ ಮೇಲೆ ಮುಂದುವರಿಯುತ್ತಿತ್ತು. ಕಲಿಸುವವರು ಇಮ್ತಿಯಾಜ್ ಸರ್, ಶ್ರೀನಿವಾಸಪುರದ ಕಡೆಯವರು, ನನ್ನ ಹಳೆಯ ವಿದ್ಯಾರ್ಥಿಗಳ ವಯಸ್ಸಿನವರು. ಸಣ್ಣ ದನಿಯ ಮನುಷ್ಯ. ನನ್ನ ಪಕ್ಕ ಕೂರುತ್ತಿದ್ದವಳು ಮಾಲೂರಿನ ಪವಿತ್ರ. ಹೆಂಚಿನ ಕಾರ್ಖಾನೆಗಳ ಚಿಮಣಿಗಳನ್ನೇ ಬರೆಯುವ ಹುಡುಗಿ. ಮೊದಲ ದಿನವೇ ನನ್ನ ಟಿಫಿನ್ ಡಬ್ಬಿಗೆ ಕೈ ಹಾಕಿದಳು, ಆದ್ದರಿಂದ ನಾವು ಸ್ನೇಹಿತರಾದೆವು.

ಅಲ್ಲಿ ಏನೇನು ಕಲಿಸುತ್ತಾರೆ ಎಂದು ನೀವು ಕೇಳಬಹುದು. ಟ್ಯೂಬ್‌ಲೈಟಿನ ಹೊಳಪು ಬೀಳದ ಹಾಗೆ ಚಿತ್ರದ ಫೋಟೋ ತೆಗೆಯುವುದು. ಗೋಡೆಯ ಮೇಲೆ ಯಾವ ಎತ್ತರಕ್ಕೆ ತೂಗುಹಾಕುವುದು. ಬೆಲೆ ಹೇಳಿ, ಹೇಳಿದ ಮೇಲೆ ಸುಮ್ಮನಿರುವುದು. ಇದು ನನಗೆ ಕೊನೆಯವರೆಗೂ ಒಲಿಯಲಿಲ್ಲ. ಜೀವನವಿಡೀ ಸಂತೆಯಲ್ಲಿ ಬೆಲೆ ಕೇಳಿ ಬಾಯಿ ಬಡಿದುಕೊಂಡವಳು ನಾನು. ಅಭ್ಯಾಸಕ್ಕೆಂದು ಪವಿತ್ರ ಗಿರಾಕಿಯಾದಾಗ ಬೆಲೆ ಹೇಳಿದ ಮರುಕ್ಷಣ ನಾನೇ ಅರ್ಧಕ್ಕಿಳಿಸಿ, ಕಾಫಿ ಕುಡೀತೀಯಾ ಎಂದೂ ಕೇಳಿಬಿಟ್ಟೆ. ಇನ್ನು ತಮ್ಮ ಬಗ್ಗೆ ತಾವೇ ಬರೆದುಕೊಳ್ಳುವುದು. ಕೆಲವು ಮಾದರಿಗಳನ್ನು ಓದಿಸಿದರು. ಅವುಗಳಲ್ಲಿ ಎಲ್ಲ ಕಲಾವಿದರಿಗೂ ಅಂತರಾಳವಿತ್ತು, ಅಂತರಾಳದೊಳಗೆ ತುಮುಲವಿತ್ತು. ನಾನು ಮನೆಗೆ ಹೋಗಿ ಹುಡುಕಿದೆ. ನನಗಿದ್ದದ್ದು ಮಂಡಿನೋವು.

ಎರಡನೆಯ ವಾರ ಎಲ್ಲರೂ ತಮ್ಮ ಚಿತ್ರಗಳನ್ನು ತಂದು ತೋರಿಸಬೇಕಿತ್ತು. ನಾನು ಅಟ್ಟದಿಂದ ಇಳಿಸಿದ್ದನ್ನು ಒಯ್ದೆ. ಬೆಟ್ಟದ ನಡುವಿನ ಸೂರ್ಯ, ಕೊಳದ ಕಮಲ, ಗರಿಬಿಚ್ಚಿದ ನವಿಲು, ಕೊಡ ಹೊತ್ತ ಹೆಂಗಸು. ಎಲ್ಲವೂ ನೀಟಾಗಿದ್ದವು. ಇಮ್ತಿಯಾಜ್ ಸರ್ ಒಂದೊಂದನ್ನೂ ಗೌರವದಿಂದ ಎತ್ತಿ ನೋಡಿದರು.

"ಕೈ ತುಂಬಾ ಪಳಗಿದೆ ಮೇಡಂ" ಎಂದರು. ಆಮೇಲೆ, "ಇದ್ರಲ್ಲಿ ನೀವು ನೋಡಿ ಬರ್ದಿರೋದು ಯಾವ್ದು?" ಎಂದು ಕೇಳಿದರು.

ಚುಚ್ಚಲು ಕೇಳಿದ್ದಲ್ಲ, ನಿಜವಾಗಿಯೂ ತಿಳಿಯಲು ಕೇಳಿದ್ದು. ಆ ನವಿಲನ್ನು ನಾನು ಯಾವ ಮರದ ಕೆಳಗೂ ಕಂಡಿರಲಿಲ್ಲ. ನನ್ನ ಟೀಚರು ಬರೆದ ನವಿಲನ್ನು ನಾನು ಬರೆದಿದ್ದೆ, ನನ್ನ ಕ್ಲಾಸಿನ ಮಕ್ಕಳು ನನ್ನ ನವಿಲನ್ನು ಬರೆದಿದ್ದರು, ಈಗ ಎಲ್ಲೋ ಅವರ ಮಕ್ಕಳು ಬರೆಯುತ್ತಿರಬೇಕು. ಜೀವವಿರುವ ನವಿಲಿಗೆ ಈ ವಂಶದಲ್ಲಿ ಜಾಗವೇ ಇರಲಿಲ್ಲ.

ಅಂದು ಬಸ್ಸಿನಲ್ಲಿ ಬರುವಾಗ ಇನ್ನು ಸಾಕು ಎಂದುಕೊಂಡೆ. ಮನೆಯಲ್ಲಿ ಇವರು ನನ್ನ ಮುಖ ನೋಡಿದವರೇ ಏನನ್ನೂ ಕೇಳದೆ ತಟ್ಟೆ ಹಾಕಿದರು. ಉಂಡಾದ ಮೇಲೆ ನಾನೇ ಹೇಳಿದೆ. ಕೊನೆಯಲ್ಲಿ ಎಲ್ಲರದೂ ಸೇರಿ ಕೋಲಾರದಲ್ಲಿ ಪ್ರದರ್ಶನವಿದೆಯಂತೆ, ಅದಕ್ಕೆ ಒಂದೇ ವಸ್ತುವನ್ನು ದಿನಾ ಎದುರಿಗಿಟ್ಟುಕೊಂಡು ನೋಡಿ ಬರೆಯಬೇಕಂತೆ, ನನಗೆ ಏನು ನೋಡಬೇಕೋ ತಿಳಿಯುವುದಿಲ್ಲ ಎಂದೆ. ಹೇಳುತ್ತ ಹೇಳುತ್ತ ಎದುರಿಗೆ ನೋಡಿದರೆ ಇವರು ಕೂತಿದ್ದರು.

"ನೀವೇ ಕೂತ್ಕೊಳ್ರಿ ದಿನಾ" ಎಂದೆ.

ಇವರು ಪಂಚೆಯ ಮಡಿಕೆ ಸರಿಮಾಡಿಕೊಂಡರು. ಆಗ ಅದು ನನ್ನ ಲಕ್ಷ್ಯಕ್ಕೆ ಬರಲಿಲ್ಲ. ನಂತರ, ಆಯ್ತು ಬಿಡು ಎಂದರು.

ಕಂಡಕ್ಟರನ್ನು ಕೂರಿಸುವುದು ಸುಲಭವಲ್ಲ. ನಿಂತೇ ಅನ್ನ ದುಡಿದ ಮನುಷ್ಯ. ಕುರ್ಚಿಯಲ್ಲಿ ಕೂರಿಸಿದರೆ ಎಲ್ಲೋ ಇಳಿಯಬೇಕಾದವರ ಹಾಗೆ ತುದಿಯಲ್ಲಿ ಕೂರುತ್ತಿದ್ದರು. ಮೊದಲ ದಿನ ಸೆಲೂನಿಗೆ ಹೋಗಿ ಗಡ್ಡ ತೆಗೆಸಿಕೊಂಡು ಬಂದು, ಫೋಟೋಗೆ ನಿಂತ ಹಾಗೆ ಉಸಿರು ಬಿಗಿಹಿಡಿದು ಕೂತರು. ಉಸಿರಾಡಿ ಎಂದು ನಾನು ನೆನಪಿಸಬೇಕಾಯಿತು. ನಡುನಡುವೆ ಮುಗೀತಾ, ಮುಗೀತಾ ಎಂದು ಕೇಳುತ್ತಿದ್ದರು. ಹಿಂಬದಿಯ ಹಜಾರದಲ್ಲಿ, ಬೆಳಗಿನ ಬಿಸಿಲು ಬರುವ ಹೊತ್ತಿಗೆ, ಕಾಫಿ ಆದ ಮೇಲೆ. ಹೀಗೆ ರೂಢಿಯಾಯಿತು.

ನೋಡುತ್ತ ಹೋದ ಹಾಗೆ ನನಗೆ ಆಶ್ಚರ್ಯವಾಗುತ್ತಿತ್ತು. ಈ ಮನುಷ್ಯನ ಎಡಗಿವಿಯ ಹಾಲೆ ಬಲಗಿವಿಯದಕ್ಕಿಂತ ಉದ್ದ. ಹೆಗಲ ಮೇಲೆ ಚರ್ಮದ ಬ್ಯಾಗಿನ ಪಟ್ಟಿ ಕೂತ ಜಾಗದಲ್ಲಿ ಒಂದು ತಗ್ಗು, ಹೊಲದಲ್ಲಿ ದನ ನಡೆದ ಜಾಡಿನ ಹಾಗೆ. ಹುಬ್ಬಿನ ಒಳಗೊಂದು ಹಳೆಯ ಗಾಯದ ಗುರುತು. ಕೇಳಿದರೆ ಚಿಕ್ಕಂದಿನಲ್ಲಿ ಮಾವಿನಮರದಿಂದ ಬಿದ್ದದ್ದು ಎಂದರು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಆ ಮರದ ಸುದ್ದಿ ನನ್ನವರೆಗೆ ಬಂದಿರಲಿಲ್ಲ. ಸಂಸಾರದಲ್ಲಿ ನಾವು ಒಬ್ಬರನ್ನೊಬ್ಬರು ನೋಡುವುದು ಗಡಿಯಾರ ನೋಡಿದ ಹಾಗೆ. ಬೇಕಾದದ್ದು ಗಂಟೆ ಎಷ್ಟೆಂದು, ಮುಳ್ಳು ಹೇಗಿದೆಯೆಂದು ಯಾರಿಗೆ ಬೇಕು?

ಅರ್ಧ ವರ್ಷವಾದ ಮೇಲೆ ತರಗತಿಯಲ್ಲಿ ಎಲ್ಲರೂ ತಾವು ಬರೆದದ್ದನ್ನು ನೆಲದ ಮೇಲೆ ಹರಡಬೇಕೆಂದರು. ನನ್ನ ಹಾಳೆಗಳು ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೂ ಬಂದವು. ನನಗೆ ಹೆಮ್ಮೆಯಾಗಿತ್ತು, ಸುಳ್ಳೇಕೆ ಹೇಳಲಿ. ಪವಿತ್ರ ಸಾಲಿನುದ್ದಕ್ಕೂ ಮಂಡಿಯೂರಿ ನೋಡುತ್ತ ಬಂದಳು.

"ಆಂಟಿ, ಅಂಕಲ್‌ದು ಬಲಗೈ ಎಲ್ಲಿ?"

ನೋಡಿದೆ. ಎಲ್ಲದರಲ್ಲೂ ಎಡಗೈ ಮೇಲಿತ್ತು. ಬಲಗೈ ಅದರ ಕೆಳಗೆ, ಇಲ್ಲವೇ ಪಂಚೆಯ ಮಡಿಕೆಯೊಳಗೆ, ಇಲ್ಲವೇ ತೊಡೆಯ ಕೆಳಗೆ. ಇಮ್ತಿಯಾಜ್ ಸರ್ ಬಗ್ಗಿ ಮುಖಗಳನ್ನು ನೋಡಿದರು. ಎಡಗೆನ್ನೆಯ ಮೇಲೆ ಇಷ್ಟೊಂದು ಗೆರೆಗಳಿವೆಯಲ್ಲ, ಬಲಗಡೆ ಯಾಕೆ ಖಾಲಿ ಬಿಟ್ಟಿದ್ದೀರಿ ಎಂದು ಕೇಳಿದರು. ನನಗೆ ಸ್ವಲ್ಪ ರೇಗಿತು.

"ಖಾಲಿ ಬಿಟ್ಟಿಲ್ಲ ಸರ್. ಇದ್ದಂಗೇ ಬರ್ದಿದೀನಿ" ಎಂದೆ.

ಹೇಳಿದ ಮಾತು ನನ್ನ ಕಿವಿಗೇ ವಾಪಸು ಬಂತು. ಇದ್ದ ಹಾಗೇ ಬರೆದಿದ್ದೆ. ಹಾಗಾದರೆ ಇದ್ದದ್ದು ಹೀಗೆ. ಎರಡು ತಿಂಗಳಿಂದ ಇವರು ಷರಟು ಬಿಟ್ಟು ಗುಂಡಿಯಿಲ್ಲದ ಟೀ ಷರ್ಟಿಗೆ ಬಂದಿದ್ದರು. ವಯಸ್ಸಾದ ಮೇಲೆ ಶೋಕಿ ಎಂದು ನಾನು ನಕ್ಕಿದ್ದೆ. ಗಡ್ಡಕ್ಕೆ ಸೆಲೂನು. ಕಾಫಿ ಲೋಟ ಎಡಗೈಯಲ್ಲಿ. ಇದೆಲ್ಲ ನನ್ನ ಕಣ್ಣ ಮುಂದೆಯೇ ನಡೆದಿತ್ತು, ಪೆನ್ಸಿಲು ನೋಡಿತ್ತು, ನಾನು ನೋಡಿರಲಿಲ್ಲ.

ಮಾರನೆಯ ಬೆಳಿಗ್ಗೆ ಹಜಾರದಲ್ಲಿ ಎಂದಿನಂತೆ ಕೂತರು. ನಾನು ಹಾಳೆ ತೆಗೆಯಲಿಲ್ಲ.

"ಬಲಗೈ ಮೇಲಿಡ್ರಿ" ಎಂದೆ.

"ಹಿಂಗೇ ಚೆನ್ನಾಗೈತೆ ಬಿಡು."

"ಬಲಗೈ ಬೇಕು ನಂಗೆ. ಒಂದ್ ಚಿತ್ರದಲ್ಲೂ ಅದಿಲ್ಲ."

ಇವರು ನನ್ನನ್ನೇ ನೋಡಿದರು. ಆಮೇಲೆ ಎಡಗೈಯನ್ನು ತೆಗೆದರು. ಕೆಳಗಿದ್ದ ಕೈ ನಡುಗುತ್ತಿತ್ತು. ಹೆಬ್ಬೆರಳು ತೋರುಬೆರಳಿನ ಮೇಲೆ ತಾನೇ ತಾನಾಗಿ ಉಜ್ಜಿಕೊಳ್ಳುತ್ತಿತ್ತು, ಕಟ್ಟಿನಿಂದ ಟಿಕೆಟ್ಟು ಹರಿದು ಕೊಡುವಾಗ ಮಾಡುತ್ತಿದ್ದ ಹಾಗೆಯೇ. ಎಷ್ಟು ದಿನದಿಂದ ಎಂದು ಕೇಳಿದ್ದಕ್ಕೆ ನಾನು ತರಬೇತಿಗೆ ಸೇರಿದ ಸುಮಾರಿನಿಂದ ಎಂದರು. ಹೇಳಿದ್ದರೆ ನಾನು ಬಿಟ್ಟುಬಿಡುತ್ತಿದ್ದೆನಂತೆ.

"ಮತ್ತೆ ನನ್ನೆದುರು ದಿನಾ ಯಾಕ್ ಕೂತ್ಕೊಂಡ್ರಿ?"

"ನೀನು ಕೇಳ್ದೆ. ಇಲ್ಲ ಅಂದಿದ್ರೆ ಯಾಕೆ ಅಂತಿದ್ದೆ" ಎಂದರು. ಕೈಯನ್ನೇ ನೋಡುತ್ತ, "ಮುಚ್ಕೊಂಡ್ರೆ ಕಾಣಲ್ಲ ಅನ್ಕೊಂಡೆ. ನೀನು ಮುಚ್ಕೊಂಡಿರೋದ್ನೇ ಬರ್ಕೊಂಬಿಟ್ಟೆ" ಎಂದರು.

ನಾನು ಆ ಕೈಯನ್ನು ಹಿಡಿದುಕೊಂಡೆ. ಹಿಡಿದಾಗ ಸ್ವಲ್ಪ ಶಾಂತವಾಯಿತು. ಬಿಟ್ಟರೆ ಮತ್ತೆ ಶುರುವಾಗುತ್ತಿತ್ತು. ಆದ್ದರಿಂದ ಬಿಡಲಿಲ್ಲ. ಕಾಫಿ ಆರಿತು.

ಕೋಲಾರದಲ್ಲಿ ನರರೋಗದ ಡಾಕ್ಟರ ಹತ್ತಿರ ಹೋದೆವು. ಅವರು ಇವರನ್ನು ನಡೆಸಿದರು, ಬೆರಳು ಮಡಿಸಿ ಬಿಚ್ಚಿಸಿದರು. ಕೊನೆಗೆ ಒಂದು ಹಾಳೆ, ಪೆನ್ನು ಕೊಟ್ಟು, ಸೊಳ್ಳೆಬತ್ತಿಯ ಹಾಗೆ ಒಂದು ಸುರುಳಿ ಬರೆಯಿರಿ ಎಂದರು.

"ಚಿತ್ರ ಬರ್ಯೋದು ಇವಳ ಡ್ಯೂಟಿ ಸಾರ್. ಟ್ರೈನಿಂಗ್ ಬೇರೆ ಮಾಡ್ತವ್ಳೆ" ಎಂದರು ಇವರು. ಡಾಕ್ಟರು ನಕ್ಕರು. ಪೆನ್ನು ಮಾತ್ರ ವಾಪಸು ತೆಗೆದುಕೊಳ್ಳಲಿಲ್ಲ.

ಇವರು ಹಲ್ಲು ಕಚ್ಚಿಕೊಂಡು ಬರೆದರು. ಸುರುಳಿ ನಡುಗುತ್ತ ನಡುಗುತ್ತ ಒಳಗೇ ಸುತ್ತಿಕೊಂಡು, ಹೊರಗೆ ಬರಲು ನಾಚಿಕೊಂಡ ಹಾಗೆ ಪುಟ್ಟದಾಗಿ ಉಳಿಯಿತು. ಎಷ್ಟೋ ಸಾವಿರ ಮಕ್ಕಳ ಚಿತ್ರಗಳಿಗೆ ಅಂಕ ಹಾಕಿದವಳು ನಾನು. ಆ ಚಿತ್ರವನ್ನು ಮಾತ್ರ ಪೂರ್ತಿ ನೋಡಲಾಗದೆ ಗೋಡೆಯ ಕ್ಯಾಲೆಂಡರ್ ಕಡೆ ತಿರುಗಿದೆ.

ಡಾಕ್ಟರು ಪಾರ್ಕಿನ್ಸನ್ ಎಂದರು. ಕೈ ನಡುಗುವುದು, ಮುಖದ ಒಂದು ಕಡೆ ಚಲನೆ ತಗ್ಗಿ ಗೆರೆಗಳು ಮಾಯುವುದು, ಎರಡೂ ಅದರದೇ ಗುರುತಂತೆ. ವಾಸಿಯಾಗುವಂಥದ್ದಲ್ಲ, ಆದರೆ ಮಾತ್ರೆ, ನಡಿಗೆ, ವ್ಯಾಯಾಮ ಬಿಡದಿದ್ದರೆ ಬಹಳ ಕಾಲ ಹದ್ದುಬಸ್ತಿನಲ್ಲಿಡಬಹುದು, ಬೇಗ ಬಂದದ್ದು ಒಳ್ಳೆಯದಾಯಿತು ಎಂದರು. ಅನೇಕರು ತೀರ ತಡವಾಗಿ ಬರುತ್ತಾರಂತೆ, ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದರು.

"ಚೆಕಿಂಗ್‌ನಲ್ಲಿ ಸಿಕ್ಕಾಕ್ಕೊಂಡೆ ಸಾರ್" ಎಂದರು ಇವರು, ನನ್ನ ಕಡೆ ಕೈ ತೋರಿಸಿ.

ತರಬೇತಿ ಬಿಡುತ್ತೇನೆ ಎಂದು ನಾನು ಆ ವಾರವೇ ಹೇಳಿದೆ. ಇವರು ವಾದ ಮಾಡಲಿಲ್ಲ. ಶನಿವಾರ ಬೆಳಿಗ್ಗೆ ಎದ್ದು, ನನ್ನ ಡಬ್ಬಿಗೆ ಚಿತ್ರಾನ್ನ ತುಂಬಿ, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತರು. ಡಾಕ್ಟರು ನಡೀಬೇಕು ಅಂದಿದ್ದಾರೆ, ಬಸ್‌ಸ್ಟ್ಯಾಂಡಿನವರೆಗೂ ನಡೆದು ಬರುತ್ತೇನೆ, ನೀನು ಬಸ್ಸು ಹತ್ತದಿದ್ದರೆ ಅಲ್ಲಿಯವರೆಗೆ ನಾನು ಯಾಕೆ ನಡೆಯಬೇಕು ಎಂದರು. ಈ ತರ್ಕದಲ್ಲಿ ಎಲ್ಲೋ ತಪ್ಪಿದೆ ಎಂದು ಯೋಚಿಸುವಷ್ಟರಲ್ಲಿ ನಾನು ಬಸ್ಸಿನಲ್ಲಿದ್ದೆ.

ಪ್ರದರ್ಶನ ಹತ್ತಿರ ಬಂದಾಗ ಇನ್ನೊಂದು ಪ್ರಶ್ನೆ ಎದುರಾಯಿತು. ಎದುರು ಕೂತವರನ್ನು ಕೇಳದೆ ಅವರ ಚಿತ್ರ ಗೋಡೆಗೆ ಹಾಕಬಾರದು ಎಂಬುದು ಇಮ್ತಿಯಾಜ್ ಸರ್ ಕಲಿಸಿದ ಪಾಠ. ಈಗ ನನ್ನ ಹತ್ತಿರ ಬಲಗೈಯ ಚಿತ್ರಗಳೂ ಇದ್ದವು. ಆ ಕೈಯನ್ನು ಬರೆಯಲು ನಾನು ಒಂದೇ ಗೆರೆ ಸಾಲದೆ ಹತ್ತಾರು ತೆಳುಗೆರೆಗಳನ್ನು ಒಂದರ ಮೇಲೊಂದು ಎಳೆದಿದ್ದೆ. ನನ್ನ ಕೈಯಿಂದ ಬಂದದ್ದರಲ್ಲಿ ಅವೇ ಚೆನ್ನಾಗಿದ್ದವು, ಅದು ನನಗೂ ಗೊತ್ತಿತ್ತು. ಅವನ್ನು ಬಿಟ್ಟರೆ ಉಳಿದದ್ದು ನೀಟಾದ ಚಿತ್ರ. ಆದರೆ ಅರ್ಧ ತಾಲ್ಲೂಕು ಗುರುತಿಸುವ ಮನುಷ್ಯ. ನಾಲ್ಕು ಜನ ಬಂದು ಅಯ್ಯೋ ಪಾಪ ಎಂದರೆ ಅದನ್ನು ಹೊರಬೇಕಾದವರು ಇವರು, ನಾನಲ್ಲ. ಬೇಡವೆಂದರೆ ಒಂದನ್ನೂ ಹಾಕಬಾರದೆಂದು ನಿಶ್ಚಯಿಸಿಕೊಂಡು ಹಾಳೆಗಳನ್ನೆಲ್ಲ ಮಂಚದ ಮೇಲೆ ಹರಡಿದೆ.

ಅಲ್ಲಿಯವರೆಗೆ ಇವರು ಒಂದನ್ನೂ ನೋಡಿರಲಿಲ್ಲ. ಮುಗಿದ ಮೇಲೆ ನೋಡ್ತೀನಿ ಎನ್ನುತ್ತಿದ್ದರು. ಕನ್ನಡಕ ಹಾಕಿಕೊಂಡು ಮಂಚದ ಸುತ್ತ ನಿಧಾನವಾಗಿ ನಡೆದರು. ಕೈಯ ಚಿತ್ರಗಳ ಮುಂದೆ ತುಂಬ ಹೊತ್ತು ನಿಂತರು. ನಾನು ಕಿಟಕಿಯ ಸರಳು ಹಿಡಿದುಕೊಂಡಿದ್ದೆ.

"ಕೈ ನಂದೇ ತಾನೆ. ಇರ್ಲಿ, ಹಾಕು" ಎಂದರು. ಆಮೇಲೆ ಮೂಲೆಯಲ್ಲಿದ್ದ ಒಂದು ಹಾಳೆಯನ್ನು ಎಡಗೈಯಲ್ಲಿ ಎತ್ತಿ ಮಗುಚಿದರು. "ಈ ಬಾಯ್ ಬಿಟ್ಕೊಂಡ್ ನಿದ್ದೆ ಹೊಡೀತಿರೋದು ಬೇಡ. ಡಿಪೋದವರು ನೋಡ್ತಾರೆ."

ಪ್ರದರ್ಶನಕ್ಕೆ ನಿಜವಾಗಿಯೂ ಡಿಪೋದವರು ಬಂದರು. ಕೋಲಾರದ ಆ ಹಾಲಿನಲ್ಲಿ ಅಷ್ಟು ಖಾಕಿ ಪ್ಯಾಂಟುಗಳನ್ನು ಅದಕ್ಕೆ ಮೊದಲು ಯಾರೂ ನೋಡಿರಲಿಕ್ಕಿಲ್ಲ. ಇವರ ಬಸ್ಸಿನ ಡ್ರೈವರಾಗಿ ಬಹಳ ವರ್ಷ ಜೊತೆಗಿದ್ದ ಹಿರಿಯರೊಬ್ಬರು ಗೋಡೆಯುದ್ದಕ್ಕೂ ನೋಡಿಕೊಂಡು ಬಂದು ನನ್ನ ಹತ್ತಿರ ನಿಂತರು.

"ಇವ್ನ ಮುಖ ಕನ್ನಡೀಲೇ ನೋಡ್ಕೊಂಡು ಗಾಡಿ ಓಡಿಸ್ದೋನಮ್ಮ ನಾನು" ಎಂದರು. "ಇಷ್ಟು ಹತ್ರದಿಂದ ಇವತ್ತೇ ನೋಡಿದ್ದು."

ಆಮೇಲೆ ಇವರ ಕಡೆ ತಿರುಗಿ ತೆಲುಗಿನಲ್ಲಿ, "ಎಟ್ಲುಂದಿರಾ ಚೆಯ್ಯಿ?" ಎಂದು ಕೈಯ ಯೋಗಕ್ಷೇಮ ವಿಚಾರಿಸಿದರು. ಇವರು ಉತ್ತರ ಹೇಳದೆ ಬಲಗೈಯನ್ನೇ ಚಾಚಿದರು. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮಾತಿಗೆ ಕೂತರು. ಯಾರೂ ಅಯ್ಯೋ ಪಾಪ ಎನ್ನಲಿಲ್ಲ. ಅಂದಿರಬಹುದು, ನನ್ನ ಕಿವಿಗೆ ಬೀಳಲಿಲ್ಲ.

ಸಂಜೆಯ ಹೊತ್ತಿಗೆ ಒಬ್ಬ ಹೆಂಗಸು ಬಂದು ಎಡಗಿವಿಯ ಚಿತ್ರದ ಬೆಲೆ ಕೇಳಿದರು. ಹೇಳಿದೆ. ಹೇಳಿದ ಮೇಲೆ ಸುಮ್ಮನಿದ್ದೆ. ಕಲಿತದ್ದರಿಂದಲ್ಲ, ನಾನೂ ಆ ಕಿವಿಯನ್ನೇ ನೋಡುತ್ತ ನಿಂತುಬಿಟ್ಟಿದ್ದೆ. ಅವರು ತಲೆಯಾಡಿಸಿ ಕಟ್ಟಿಕೊಡಿ ಎಂದರು. ದೂರದಲ್ಲಿ ಪವಿತ್ರ ಎರಡೂ ಹೆಬ್ಬೆರಳು ಎತ್ತಿ ತೋರಿಸಿದಳು. ಹೀಗೆ ನಾನು ಸ್ವತಂತ್ರ ವೃತ್ತಿಪರ ಕಲಾವಿದೆಯಾದೆ. ಇವರಿಗೆ ಸುದ್ದಿ ಹೇಳಿದರೆ, ಇನ್ನು ಮೇಲೆ ನೀನು ಬೈದರೆ ಆ ಕಡೆಯ ಕಿವಿಗೆ ಕೇಳಿಸುವುದಿಲ್ಲ, ಅದು ಬೇರೆಯವರ ಮನೆಯಲ್ಲಿದೆ ಎಂದರು.

ಬಾಗಿಲು ಹಾಕಿದ ಮೇಲೆ ಮುಳಬಾಗಿಲಿನ ಬಸ್ಸು ಹತ್ತಿದೆವು. ಸಂಜೆ ಬಿಸಿಲು ಇನ್ನೂ ಇತ್ತು. ಬಸ್ಸು ಹಳೆಯದು, ತುಂಬಿತ್ತು. ಇಬ್ಬರಿಗೂ ಪಕ್ಕಪಕ್ಕದಲ್ಲೇ ಸೀಟು ಸಿಕ್ಕಿತು. ಇವರು ಎರಡೂ ಕೈಗಳನ್ನು ಮಂಡಿಯ ಮೇಲೆ ಇಟ್ಟುಕೊಂಡು ಕೂತರು. ಊರು ದಾಟಿ ವೇಗ ಹಿಡಿಯುತ್ತಲೇ ಬಸ್ಸು ಅದರ ಸ್ವಭಾವದಂತೆ ನಡುಗಲಾರಂಭಿಸಿತು. ಕಿಟಕಿಯ ಗಾಜು ನಡುಗಿತು. ಎದುರಿನ ಸೀಟಿನ ಅಜ್ಜಿಯ ಮಡಿಲಲ್ಲಿದ್ದ ಹೂವಿನ ಪೊಟ್ಟಣ ನಡುಗಿತು, ಅದನ್ನು ಹಿಡಿದ ಬೆರಳುಗಳು ನಡುಗಿದವು. ನಿಂತವರ ಮೊಣಕೈ, ಕೂತವರ ಮಂಡಿ, ಫೋನು ಹಿಡಿದ ಹುಡುಗಿಯರ ಬಳೆ, ಎಲ್ಲವೂ. ನಾನು ಇವರ ಬಲಗೈಯನ್ನೇ ನೋಡುತ್ತಿದ್ದೆ. ಅಷ್ಟು ಕೈಗಳ ನಡುವೆ ಅದನ್ನು ಬೇರೆಯಾಗಿ ಗುರುತಿಸಲು ನನ್ನ ಪಳಗಿದ ಕಣ್ಣಿಗೂ ಆಗಲಿಲ್ಲ. ಇವರು ನನ್ನನ್ನು ಮೊಣಕೈಯಿಂದ ಮೆಲ್ಲಗೆ ತಿವಿದರು.

"ಏನ್ ನೋಡ್ತಿದೀಯ? ಈಗ ಬರಿ ನೋಡಾಣ."

ಚೀಲದಿಂದ ಹಾಳೆ, ಪೆನ್ಸಿಲು ತೆಗೆದು ಬರೆಯಲು ಕೂತೆ. ನೆಟ್ಟಗಿನ ಗೆರೆ ಒಂದೂ ಬರಲಿಲ್ಲ. ಎಲ್ಲ ಸರಿಯಾಗಿಯೇ ಬಂತು.